ಬಂಡೆ ನೆರಳಿನ ಸೀತಾ ಅಶೋಕ: ನನ್ನ ಅನುಭವ

2025ರ ಜೂನ್‌ನಲ್ಲಿ ನಮ್ಮದೇ ಸೀತಾ ಅಶೋಕ ಗಿಡದ ಕಾಯಿ ಒಡೆದು 70 ಬೀಜ ಹಾಕಿದೆ. 61 ಹುಟ್ಟಿದವು. ಮಲೆನಾಡಿನವರಿಗೆ ಇದೇನು ದೊಡ್ಡ ಸುದ್ದಿ ಅನ್ನಿಸಲಿಕ್ಕಿಲ್ಲ. ಅಲ್ಲಿ ಹಳ್ಳದ ದಂಡೆಗೆ ಬಿದ್ದ ಬೀಜ ತನ್ನಷ್ಟಕ್ಕೆ ಹುಟ್ಟುತ್ತದೆ. ಆದರೆ ನಮ್ಮ ತೋಟ ಇರುವುದು ಕೊಪ್ಪಳ ಜಿಲ್ಲೆಯಲ್ಲಿ, ಆನೆಗೊಂದಿ ಹತ್ತಿರ. ವರ್ಷಕ್ಕೆ 600 ಮಿಲಿಮೀಟರ್ ಮಳೆ ಬಂದರೆ ಪುಣ್ಯ. ಏಪ್ರಿಲ್‌ನಲ್ಲಿ 41-42 ಡಿಗ್ರಿ ಬಿಸಿಲು. ಎತ್ತ ನೋಡಿದರೂ ಬಂಡೆ. ಇಂಥಲ್ಲಿ ನಿತ್ಯಹಸಿರು ಕಾಡಿನ ಗಿಡ ಬೆಳೆಸಿ, ಹೂ ಕಂಡು, ಕಾಯಿ ಕಿತ್ತು, ಅದೇ ಬೀಜದಿಂದ ಮತ್ತೆ ಸಸಿ ಮಾಡಿದ್ದೇನೆ. ಸ್ವಲ್ಪ ಜಂಬ ಪಟ್ಟರೆ ತಪ್ಪಿಲ್ಲ ಅಲ್ವಾ?

ಶುರು ಮಾಡಿದಾಗ ಪಕ್ಕದ ಹೊಲದ ಕಾಕಾ ಕೇಳಿದ್ದು ಇಷ್ಟೇ: "ಯಾಕಪಾ, ಭತ್ತದಾಗ ಏನು ಕಡಿಮಿ ಆಗೇತಿ? ಮಲೆನಾಡ ಗಿಡ ನಮ್ಮ ಬಿಸಲಾಗ ಬದುಕ್ತಾವೇನು?" ಮೊದಲ ಮೂರು ವರ್ಷ ಕಾಕಾ ಹೇಳಿದ್ದೇ ಖರೆ ಆಯಿತು.

2015 ಇರಬೇಕು, ಬೀಜದ ಗೊಡವೆ ಬೇಡ ಅಂತ ಸಸಿಯನ್ನೇ ತರಿಸಿದೆ. ಫೋನಿನಲ್ಲಿ "ಅಶೋಕ ಬೇಕು" ಅಂದೆ. "ಸೀತಾ" ಅಂತ ಸೇರಿಸಲಿಲ್ಲ. ಲಾರಿಯಲ್ಲಿ ಬಂದಿಳಿದದ್ದು 150 ಕಂಬದ ಮರ. ಬ್ಯಾಂಕು, ಶಾಲೆ, ಕಲ್ಯಾಣ ಮಂಟಪಗಳ ಮುಂದೆ ಸಾಲಾಗಿ ನಿಂತಿರುತ್ತದಲ್ಲ, ಅದೇ. ಬಾಡಿಗೆ ಸೇರಿ ಒಂಬತ್ತೂವರೆ ಸಾವಿರ ಹೋಯಿತು. ಕಳಿಸಿದವರಿಗೆ ಫೋನ್ ಮಾಡಿದರೆ, "ನೀವು ಅಶೋಕ ಅಂದ್ರಿ, ಅಶೋಕ ಕಳಿಸಿದೀವಿ" ಅಂದರು. ಜಗಳ ಆಡುವುದಕ್ಕೂ ಬಾಯಿಲ್ಲ. ಅದಕ್ಕೂ ಜನ ಅಶೋಕ ಅಂತಲೇ ಕರೆಯುತ್ತಾರೆ.

ಈ ಹೆಸರಿನ ಗೊಂದಲದಲ್ಲಿ ನಾನೊಬ್ಬನೇ ಬಿದ್ದಿಲ್ಲ. ಅಶೋಕಾರಿಷ್ಟ ಅನ್ನುವ ಆಯುರ್ವೇದ ಔಷಧಿಗೆ ಅಂತ ಮಾರುವ ತೊಗಟೆಯಲ್ಲಿ ಕಂಬದ ಮರದ ತೊಗಟೆ ಬೆರೆಸುವುದು ಗೊತ್ತಿರುವ ವಿಷಯವೇ. ಇವೆರಡಕ್ಕೂ ಯಾವ ಸಂಬಂಧವೂ ಇಲ್ಲ. ಕಂಬದ ಮರ ಸೀತಾಫಲದ ಕುಟುಂಬದ್ದು. ನಮ್ಮ ಸೀತಾ ಅಶೋಕ ಹುಣಸೆಗೆ ಹತ್ತಿರದ ನೆಂಟ. ಒಂದು ಎಲೆ ಕಿತ್ತು ನೋಡಿದರೆ ಸಾಕು. ಕಂಬದ ಮರದ್ದು ಉದ್ದನೆಯ ಒಂಟಿ ಎಲೆ, ಅಂಚು ಅಲೆಅಲೆ. ಅಶೋಕದ್ದು ಒಂದೇ ದಂಟಿಗೆ 4ರಿಂದ 6 ಜೋಡಿ, ತುದಿಗೆ ಒಂಟಿ ಎಲೆ ಇರುವುದಿಲ್ಲ. ಆ 150ರಲ್ಲಿ 40 ಗಿಡ ಬೇಲಿಗೆ ಹಚ್ಚಿದೆ. ಉಳಿದವನ್ನು ಒಂದು ಲೇಔಟಿನವರಿಗೆ ಸಿಕ್ಕ ರೇಟಿಗೆ ಕೊಟ್ಟೆ. ಬೇಲಿಯ ಆ 40 ಮುಂದೆ ಗಾಳಿ ತಡೆಯುವುದಕ್ಕೆ ಬಂತು, ಅದನ್ನೂ ಹೇಳಬೇಕು.

ಮರುವರ್ಷ ಬೀಜಕ್ಕೆ ಇಳಿದೆ. ಶಿರಸಿ ಕಡೆ ಪರಿಚಯದವರ ಅಡಿಕೆ ತೋಟದ ಅಂಚಿನಲ್ಲಿ ಹಳೇ ಮರಗಳಿವೆ. ಕಾಡಿನಿಂದ ಕದ್ದು ತರುವ ಕೆಲಸ ನಾನು ಮಾಡುವುದಿಲ್ಲ, ನೀವೂ ಮಾಡಬೇಡಿ. ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್ 1998ರಲ್ಲೇ ಇದನ್ನು ಅಪಾಯದಲ್ಲಿರುವ ಗಿಡಗಳ ಪಟ್ಟಿಗೆ ಹಾಕಿದೆ. ತೊಗಟೆ ಸುಲಿದೂ ಸುಲಿದೂ ಅರ್ಧ ಹಾಳಾಗಿದೆ. 500 ಬೀಜ ಪಾರ್ಸೆಲ್ ಹಾಕಿಸಿದೆ, ಬೀಜಕ್ಕೆ ಮೂರು ರೂಪಾಯಿಯಂತೆ. ಪಾರ್ಸೆಲ್ ಎಲ್ಲೋ ಗೋದಾಮಿನಲ್ಲಿ ಐದಾರು ದಿನ ಕೂತಿತ್ತು. ಬಿಚ್ಚಿದಾಗ ಬೀಜ ನೋಡಲು ಚೆನ್ನಾಗಿಯೇ ಇತ್ತು. ನಾನು ಬೇವು, ಹೊಂಗೆ ಮಾಡಿದಂತೆ ಎರಡು ದಿನ ಒಣಗಿಸಿ ಹಾಕಿದೆ. ಹುಟ್ಟಿದ್ದು ನಾಲ್ಕು.

ಬುದ್ಧಿ ಬಂದದ್ದು ಆಮೇಲೆ. ಒಣಭೂಮಿಯ ಬೀಜದ ಲೆಕ್ಕ ಮಳೆಕಾಡಿನ ಬೀಜಕ್ಕೆ ನಡೆಯುವುದಿಲ್ಲ. ನಮ್ಮ ಹುಣಸೆ ಬೀಜ ಡಬ್ಬಿಯಲ್ಲಿ ವರ್ಷಗಟ್ಟಲೆ ಇಟ್ಟರೂ ಹುಟ್ಟುತ್ತದೆ. ಅಶೋಕದ ಬೀಜ ದಪ್ಪ, ತುಂಬಾ ನೀರು ತುಂಬಿಕೊಂಡಿರುತ್ತದೆ. ಆ ನೀರು ಆರಿತೋ, ಬೀಜ ಸತ್ತಿತು. ಕಾಡಿನಲ್ಲಿ ಮಳೆ ಹಿಡಿದಾಗ ಕಾಯಿ ಒಡೆದು ಬೀಳುತ್ತದೆ, ಬಿದ್ದಲ್ಲೇ ಹುಟ್ಟುತ್ತದೆ. ಕಾದು ಕೂರುವ ಗುಣ ಅದಕ್ಕೆ ಬೇಕಾಗಿಯೇ ಇರಲಿಲ್ಲ.

2017ರಲ್ಲಿ ಉಲ್ಟಾ ಮಾಡಿದೆ. ನಾನೇ ಹೋಗಿ 600 ಬೀಜ ತಂದೆ. ಆರಬಾರದು ಅಂತ ಗೋಣಿಚೀಲ ನೆನೆಸಿ, ಅದರ ಮೇಲೆ ಪ್ಲಾಸ್ಟಿಕ್ ಸುತ್ತಿದೆ. ಹುಬ್ಬಳ್ಳಿಯಲ್ಲಿ ಬಸ್ಸು ಕೆಟ್ಟು ರಾತ್ರಿಯೆಲ್ಲಾ ಕೂತೆ. ಗದಗ ದಾಟುವ ಹೊತ್ತಿಗೇ ಚೀಲದಿಂದ ಹುಳಿ ವಾಸನೆ. ಪಕ್ಕದ ಸೀಟಿನವರು ಎದ್ದು ಬೇರೆ ಕಡೆ ಹೋದರು. ಮನೆಗೆ ಬಂದು ಸುರಿದರೆ ಬೀಜ ಬಿಸಿಯಾಗಿತ್ತು, ಬೂಷ್ಟು ಹಿಡಿದಿತ್ತು. 50-60 ಹುಟ್ಟಿದವು, ಅವೂ ಬುಡ ಕೊಳೆತು ಹೋದವು. ಮನೆಯಲ್ಲಿ ಆ ವರ್ಷ ಅಶೋಕ ಅಂತ ಬಾಯಿ ಬಿಡುವಂತಿರಲಿಲ್ಲ.

2018ರ ಜೂನ್‌ನಲ್ಲಿ ಸರಿಯಾಯಿತು. ಎರಡು ಬದಲಾವಣೆ. ಕಾಯಿ ಒಡೆಯಲೇ ಇಲ್ಲ, ಬಲಿತು ಕಂದು ತಿರುಗಿದ ಕಾಯನ್ನು ಹಾಗೆಯೇ ತಂದೆ. ಕಾಯಿ ಒಂದು ಗೇಣು ಉದ್ದ, ಚಪ್ಪಟೆ, ಒಳಗೆ ನಾಲ್ಕರಿಂದ ಎಂಟು ಬೀಜ. ಅದಕ್ಕಿಂತ ಒಳ್ಳೆಯ ಡಬ್ಬಿ ಯಾರೂ ಮಾಡಲಾರರು. ಎರಡನೆಯದು, ಟೊಮೇಟೊ ಕ್ರೇಟು. ತಳಕ್ಕೆ ನೆನೆಸಿ ಹಿಂಡಿದ ಕೊಕೊಪಿಟ್ (ತೆಂಗಿನ ನಾರಿನ ಪುಡಿ), ಮೇಲೆ ಕಾಯಿ, ಮತ್ತೆ ಕೊಕೊಪಿಟ್. ಗಾಳಿಯೂ ಆಡುತ್ತದೆ, ಪಸೆಯೂ ಇರುತ್ತದೆ. ಹಿಂಡಿದಾಗ ಬೆರಳ ಸಂದಿನಿಂದ ಹನಿ ಬೀಳಬಾರದು. ಮುಟ್ಟಿದರೆ ತಣ್ಣಗಿರಬೇಕು, ಅಷ್ಟೇ. ಬೀಜ ಬಿಡಿಸಿದ ಮೇಲೆ ಇಟ್ಟುಕೊಳ್ಳಬಾರದು, ಮರುದಿನವೇ ಹಾಕಬೇಕು. ಹಾಕುವ ಮುಂಚೆ ಒಂದು ರಾತ್ರಿ ನೆನೆಸುತ್ತೇನೆ. ಆ ನೀರಿಗೆ ಏನು ಸೇರಿಸುತ್ತೇನೆ ಅಂತ ಕೇಳಬೇಡಿ, ಅದು ನನ್ನ ಹೊಟ್ಟೆಪಾಡು. ಅಡುಗೆ ಮನೆಯಲ್ಲೇ ಇರುವ ವಸ್ತು ಅಂತ ಮಾತ್ರ ಹೇಳಬಲ್ಲೆ. 600ರಲ್ಲಿ 400 ಚಿಲ್ಲರೆ ಹುಟ್ಟಿದವು. ಮೂರು ವಾರದಲ್ಲಿ ಹೆಚ್ಚಿನವು ಮೇಲೆ ಬಂದವು.

ಇನ್ನು ಗೆದ್ದೆ ಅಂದುಕೊಂಡೆ. ಮುಂದಿನ ಏಟು ಅಲ್ಲೇ ಬಿತ್ತು.

ಅಶೋಕದ ಚಿಗುರು ನೋಡಿದವರಿಗೆ ಗೊತ್ತು. ತಾಮ್ರದ ಬಣ್ಣ, ಒದ್ದೆ ಬಟ್ಟೆಯ ಹಾಗೆ ಜೋತು ಬಿದ್ದಿರುತ್ತದೆ. ಮೊದಲು ಉದ್ದವಾಗುತ್ತದೆ, ಆಮೇಲೆ ಹಸಿರಾಗಿ ಗಟ್ಟಿಯಾಗುತ್ತದೆ. ಮಳೆಕಾಡಿನ ಎಷ್ಟೋ ಮರಗಳ ಚಿಗುರು ಹೀಗೆಯೇ. ಇದೆಲ್ಲ ನನಗೆ ಗೊತ್ತಿತ್ತು. ಆದರೆ ನರ್ಸರಿಯಲ್ಲಿ ನೀರು ಬಿಡುವ ಹುಡುಗನಿಗೆ ನಾನು ಹೇಳಿರಲಿಲ್ಲ. ನಾನು ಹತ್ತು ದಿನ ಮದುವೆ ಓಡಾಟದಲ್ಲಿದ್ದೆ. ಅವನು ಪಾಪ, ಗಿಡ ಬಾಡುತ್ತಿದೆ ಅಂತ ದಿನಕ್ಕೆ ಮೂರು ಸಲ ನೀರು ಬಿಟ್ಟ. ಬಂದು ನೋಡಿದರೆ ಚೀಲ ಕೆಸರಾಗಿತ್ತು. 150 ಸಸಿ ಬೇರು ಕೊಳೆತು ಹೋದವು. ಅವನನ್ನು ಬೈಯಲಿಲ್ಲ. ಬಿಸಿಲೂರಿನಲ್ಲಿ ಹುಟ್ಟಿದವನಿಗೆ ಜೋತುಬಿದ್ದ ಎಲೆ ಅಂದರೆ ಬಾಯಾರಿಕೆಯೇ. ಈಗ ನನ್ನ ಲೆಕ್ಕ ಇಷ್ಟು: ಚಿಗುರು ನೋಡಬೇಡ, ಹಳೇ ಎಲೆ ನೋಡು. ಹಳೇ ಎಲೆಯ ಅಂಚು ಮುದುಡಿದರೆ ನೀರು ಕೊಡು.

ಉಳಿದವುಗಳಲ್ಲಿ 80 ಸಸಿ ನನ್ನ ಜಾಣತನಕ್ಕೆ ಬಲಿಯಾದವು. ನಮ್ಮ ಗಂಗಾವತಿ ಅಂದರೆ ಭತ್ತದ ಕಣಜ, ಹೆಜ್ಜೆಗೊಂದು ಅಕ್ಕಿ ಗಿರಣಿ. ಹೊಟ್ಟು ಸುಟ್ಟ ಬೂದಿ ಪುಕ್ಕಟೆ ಸಿಗುತ್ತದೆ. ಮಣ್ಣು ಹಗುರ ಆಗಲಿ ಅಂತ ಮೂರಕ್ಕೊಂದು ಪಾಲು ಬೂದಿ ಬೆರೆಸಿ ಚೀಲ ತುಂಬಿದ್ದೆ. ಎರಡು ತಿಂಗಳಲ್ಲಿ ಎಲೆ ಹಳದಿ, ನರ ಮಾತ್ರ ಹಸಿರು. ನೀವೆಲ್ಲಾ ಮೋಸಂಬಿಯಲ್ಲಿ ನೋಡಿರುವುದೇ, ಕಬ್ಬಿಣದ ಕೊರತೆ. ಮಲೆನಾಡಿನ ಮಣ್ಣು ಹುಳಿ. ನಮ್ಮ ಮಸಾರಿಯನ್ನು (ಕೆಂಪು ಮಣ್ಣು) ಪರೀಕ್ಷೆ ಮಾಡಿಸಿದರೆ ಪಿಎಚ್ 7.8 ಬಂದಿತ್ತು, ಅಂದರೆ ಹುಳಿಗೆ ಉಲ್ಟಾ, ಕ್ಷಾರ, ಬೋರ್‌ವೆಲ್ ನೀರು ಅದಕ್ಕಿಂತ ಸವಳು. ಅದರ ಮೇಲೆ ನಾನು ಬೂದಿ ಸುರಿದಿದ್ದೆ! ಅನ್ನಭೇದಿ (ಕಬ್ಬಿಣದ ಸಲ್ಫೇಟ್) ಲೀಟರಿಗೆ 5 ಗ್ರಾಂ, ಜೊತೆಗೆ ಚಿಟಿಕೆ ನಿಂಬೆ ಉಪ್ಪು ಹಾಕಿ ಹೊಡೆದೆ. ಹೊಸ ಎಲೆ ಹಸಿರಾದವು, ಮತ್ತೆ ಹಳದಿಯಾದವು. ಚೀಲ ಬದಲಿಸುವವರೆಗೆ ಸರಿಹೋಗಲಿಲ್ಲ. ಬದಲಿಸುವಾಗ ಬೇರು ಹರಿದು ಅರ್ಧ ಸತ್ತವು. ಈಗ ಬೂದಿ ಬಂದ್. ಹಸಿ ಹೊಟ್ಟು, ಕೊಳೆತ ಬಾಳೆ ದಿಂಡು, ಹಳೇ ಕೊಟ್ಟಿಗೆ ಗೊಬ್ಬರ, ಮಸಾರಿ ಮಣ್ಣು. ಚೀಲ ಮಾತ್ರ ಉದ್ದದ್ದು ಬೇಕು. ತಾಯಿಬೇರು ಸೀದಾ ಇಳಿಯುತ್ತದೆ, ಗಿಡ್ಡ ಚೀಲದಲ್ಲಿ ತಳಕ್ಕೆ ಸುತ್ತಿಕೊಂಡುಬಿಡುತ್ತದೆ.

2019ರ ಜುಲೈನಲ್ಲಿ 120 ಗಿಡ ನೆಟ್ಟೆ. ಅಲ್ಲಿಯವರೆಗೆ ಕೈಯಿಂದ ಹೋದದ್ದು ಒಂದೂಮುಕ್ಕಾಲು ಲಕ್ಷದ ಹತ್ತಿರ. ಶೇಡ್‌ನೆಟ್‌ದೇ 60 ಸಾವಿರ.

ಹೊಲದಲ್ಲಿ ಶೇಡ್‌ನೆಟ್ ಕಟ್ಟಲು ಆಗುವುದಿಲ್ಲ. ಕಟ್ಟಿದರೂ ಮೇ ತಿಂಗಳ ಗಾಳಿ ಬಿಡುವುದಿಲ್ಲ. ಅದಕ್ಕೇ ಬಾಳೆ. ಮೊದಲೇ ಸುಗಂಧಿ ಬಾಳೆ ಹಾಕಿ ಎದೆಮಟ್ಟ ಬೆಳೆಸಿದ್ದೆ. ನಾಲ್ಕು ಬಾಳೆಯ ನಡುವೆ ಒಂದು ಅಶೋಕ. ಕಾಡಿನಲ್ಲಿ ಇದು ದೊಡ್ಡ ಮರಗಳ ಕೆಳಗೆ, ಹಳ್ಳದ ಪಕ್ಕ ಬೆಳೆಯುವ ಸಣ್ಣ ಮರ. 20-30 ಅಡಿ ಮೇಲೆ ಹೋಗುವುದು ಕಡಿಮೆ. ಅದಕ್ಕೆ ಮೇಲೊಂದು ಕೊಡೆ ಬೇಕು, ಕೆಳಗೆ ತಂಪು ಬೇಕು, ಸುತ್ತ ಗಾಳಿಯಲ್ಲಿ ಪಸೆ ಬೇಕು. ಬಾಳೆ ಮೂರನ್ನೂ ಕೊಡುತ್ತದೆ, ಮೇಲೆ ಗೊನೆಯನ್ನೂ ಕೊಡುತ್ತದೆ. ನಮಗೆ ವಿಜಯನಗರ ಕಾಲದ ಕಾಲುವೆಯ ನೀರು ಇದೆ, ಅದು ನಿಂತ ದಿನಗಳಲ್ಲಿ ಮಾತ್ರ ಬೋರ್. ಬುಡಕ್ಕೆ ಭತ್ತದ ಹುಲ್ಲು ಒಂದು ಗೇಣು ದಪ್ಪ ಹಾಸಿದೆ. ಹುಲ್ಲಿನಲ್ಲಿ ಗೆದ್ದಲು ಬಂತು. ಕಾಂಡಕ್ಕೆ ತಾಗದಂತೆ ನಾಲ್ಕು ಬೆರಳು ಬಿಟ್ಟು ಹಾಸಿದರೆ ತೊಂದರೆ ಇಲ್ಲ.

2020ರ ಬೇಸಿಗೆಯಲ್ಲಿ ಸತ್ತದ್ದು 35. ಎಲ್ಲೆಲ್ಲೋ ಸತ್ತಿದ್ದರೆ ನೀರಿನ ತಪ್ಪು ಅಂತಿದ್ದೆ. ಎಲ್ಲಾ ಒಂದೇ ಕಡೆ, ದೊಡ್ಡ ಬಂಡೆಯ ಪಡುವಣ ಮಗ್ಗುಲಲ್ಲಿ. ಲಾಕ್‌ಡೌನ್ ಆಗಿತ್ತು, ಎಲ್ಲೂ ಹೋಗುವಂತಿಲ್ಲ, ದಿನವಿಡೀ ತೋಟದಲ್ಲೇ ಕೂತು ನೋಡಿದೆ. ಮಧ್ಯಾಹ್ನ ಎರಡಕ್ಕೆ ಆ ಬಂಡೆ ಮೇಲೆ ಕೈ ಇಡಲು ಆಗುವುದಿಲ್ಲ. ಸಂಜೆ ಏಳಾದರೂ ಕಾವು ಹೊಡೆಯುತ್ತಲೇ ಇರುತ್ತದೆ. ಗಿಡ ಒಂದು ಕಡೆ ಸೂರ್ಯ, ಒಂದು ಕಡೆ ಬಂಡೆ, ನಡುವೆ ರೊಟ್ಟಿಯ ಹಾಗೆ ಬೆಂದಿತ್ತು. ಅದೇ ಬಂಡೆಯ ಮೂಡಣ ಮಗ್ಗುಲಿನ 22 ಗಿಡದಲ್ಲಿ ಒಂದೂ ಸತ್ತಿರಲಿಲ್ಲ. ಅಲ್ಲಿ ಬೆಳಗಿನ ಎಳೆಬಿಸಿಲು ಸಿಗುತ್ತದೆ, ಮಧ್ಯಾಹ್ನ ಒಂದೂವರೆಗೆಲ್ಲಾ ನೆರಳು. ಮಳೆ ಬಂದರೆ ಬಂಡೆ ಮೇಲಿನ ನೀರೆಲ್ಲಾ ಬುಡಕ್ಕೇ ಇಳಿಯುತ್ತದೆ. 15 ಮಿಲಿಮೀಟರ್ ಮಳೆ ಅಲ್ಲಿ 40ರಷ್ಟು ಕೆಲಸ ಮಾಡುತ್ತದೆ. ಬಂಡೆಯಿಂದ ಎಂಟು-ಹತ್ತು ಅಡಿ ದೂರ ಬಿಟ್ಟರೆ ರಾತ್ರಿಯ ಕಾವೂ ತಾಗುವುದಿಲ್ಲ.

ಇಷ್ಟು ವರ್ಷ ಬಂಡೆ ಇರುವ ಜಾಗ ಅಂತ ಬೈದುಕೊಂಡಿದ್ದೆ. ಮುಂದಿನ ಸಲ ನೆಟ್ಟ 60 ಗಿಡಗಳನ್ನೂ ಬಂಡೆಗಳ ಮೂಡಣಕ್ಕೇ ಹಾಕಿದೆ. ನನ್ನ ಇಡೀ ವಿಧಾನ ಒಂದೇ ಮಾತಿನಲ್ಲಿ ಹೇಳು ಅಂದರೆ ಇದೇ: ಮಧ್ಯಾಹ್ನದ ನೆರಳು ಎಲ್ಲಿ ಬೀಳುತ್ತದೆ ಅಂತ ಮೇ ತಿಂಗಳಲ್ಲಿ ಸುಣ್ಣದ ಗೆರೆ ಹಾಕಿಡು, ಜುಲೈನಲ್ಲಿ ಆ ಗೆರೆಯೊಳಗೆ ಗುಂಡಿ ತೋಡು.

ನಡುವೆ ಕೆಲವು ಹುಚ್ಚು ಪ್ರಯೋಗ ಮಾಡಿದೆ. ಹುಣಸೆ ನೆಂಟ ಅಂತ ಗೊತ್ತಾದ ಮೇಲೆ ಸುಮ್ನಿರಲು ಆಗಲಿಲ್ಲ. ಬಿಸಿಲಿಗೆ ಜಗ್ಗದ ಹುಣಸೆ ಬೇರಿನ ಮೇಲೆ ಅಶೋಕ ಕೂರಿಸಿದರೆ? 40 ಹುಣಸೆ ಸಸಿಗೆ ಸೀಳು ಕಸಿ ಕಟ್ಟಿದೆ. ಮೂರು ವಾರ ಕಡ್ಡಿ ಹಸಿರಾಗಿತ್ತು. ಊರಿಗೆಲ್ಲಾ ಹೇಳಿಕೊಂಡು ಬಂದೆ. ನಾಲ್ಕನೇ ವಾರ ನಲವತ್ತೂ ಕಪ್ಪಾದವು. ನೆಂಟಸ್ತಿಕೆ ಇದ್ದರೂ ಒಂದೇ ಮನೆಯಲ್ಲಿ ಬಾಳುವಷ್ಟು ಇಲ್ಲ. ಗೂಟಿ ಕಟ್ಟಿ (ಕೊಂಬೆಯ ತೊಗಟೆ ತೆಗೆದು ಗಿಡದಲ್ಲೇ ಬೇರು ಬರಿಸುವುದು) ನೋಡಿದೆ, 20ರಲ್ಲಿ ಮೂರಕ್ಕೆ ಬೇರು ಬಂತು. ಮಳೆಕಾಡಿನದೇ ಇನ್ನೊಂದು ಮರ ನಾಗಸಂಪಿಗೆಯನ್ನೂ 20 ಹಾಕಿದ್ದೆ. ಒಂಬತ್ತು ಇವೆ, ಆರು ವರ್ಷಕ್ಕೆ ನನ್ನ ಸೊಂಟದ ತನಕ ಬಂದಿವೆ. ಅದರ ಹೂ ನೋಡುವುದು ನನ್ನ ಮೊಮ್ಮಕ್ಕಳ ಹಣೆಬರಹ.

ಕೋತಿಗಳ ಕಥೆ ಹೇಳದಿದ್ದರೆ ಆನೆಗೊಂದಿಯವರು ಒಪ್ಪುವುದಿಲ್ಲ. ಎದುರಿಗೇ ಹನುಮಪ್ಪ ಹುಟ್ಟಿದ ಬೆಟ್ಟ ಅಂತ ಜನ ನಂಬುವ ಅಂಜನಾದ್ರಿ. ಗಿಡದಲ್ಲಿ ಎಳೆ ಚಿಗುರು ಬಂದರೆ ಹಿಂಡು ಹಾಜರು. 2021ರಲ್ಲಿ ಒಂದೇ ಬೆಳಿಗ್ಗೆ 30 ಗಿಡದ ತುದಿ ಮುರಿದು ಹಾಕಿದವು. ನಾನು ಪಟಾಕಿ ತೆಗೆದುಕೊಂಡು ಹೊರಟರೆ ಅವ್ವ ಬಾಗಿಲಿಗೆ ಅಡ್ಡ ನಿಂತಳು. "ಸೀತಮ್ಮನ ಗಿಡ ನೀ ಹಚ್ಚಿ, ಹನುಮಪ್ಪನ ಕಡೆಯವರು ಬರೋದು ಬ್ಯಾಡ ಅಂದ್ರ ಹೆಂಗಲೇ?" ಇದಕ್ಕೆ ಯಾರಾದರೂ ಏನು ಉತ್ತರ ಕೊಡಲು ಸಾಧ್ಯ? ಎರಡು ನಾಯಿ ಸಾಕಿದೆ. ಅವ್ವ ನಾಯಿಗಳಿಗೆ ಏನೂ ಅನ್ನಲಿಲ್ಲ. ಒಂದು ಲಾಭ ಆಯಿತು. ತುದಿ ಮುರಿದ ಗಿಡಗಳೇ ಈಗ ಕೊಂಬೆ ಜಾಸ್ತಿ ಬಿಟ್ಟು ಗುಂಡಗೆ ಕೂತಿವೆ. ಈಗ ನಾನೇ ಮೂರನೇ ವರ್ಷಕ್ಕೆ ತುದಿ ಚಿವುಟುತ್ತೇನೆ.

ಬಾಳೆ ಮೂರು ಬೆಳೆ ತೆಗೆದು, 2022ರಲ್ಲಿ ಒಂದು ಸಾಲು ಬಿಟ್ಟು ಒಂದು ಸಾಲು ಕಡಿದೆ. ಪೂರ್ತಿ ಒಮ್ಮೆಗೇ ತೆಗೆಯಬೇಡಿ, ಕಾಂಡದ ತೊಗಟೆ ಬಿಸಿಲಿಗೆ ಸೀಳುತ್ತದೆ. ನಾನು ಆರು ಗಿಡಕ್ಕೆ ಸುಣ್ಣ ಬಳಿದು ಉಳಿಸಿಕೊಂಡೆ.

ಮೊದಲ ಹೂ 2024ರ ಫೆಬ್ರವರಿಯಲ್ಲಿ. ಕೊಂಬೆ ತುದಿಯನ್ನೇ ನೋಡುತ್ತಾ ಕೂತಿದ್ದೆ. ಹೂ ಬಂದದ್ದು ಹಳೇ ಕಾಂಡದ ಮೈಯಿಂದ, ಮೊಣಕಾಲೆತ್ತರದಲ್ಲಿ. ಹಲಸು ಕಾಂಡದಲ್ಲಿ ಕಾಯಿ ಬಿಡುತ್ತದಲ್ಲ, ಆ ಥರ. ಮೊದಲ ದಿನ ಹಳದಿ, ಆಮೇಲೆ ಕಿತ್ತಳೆ, ಕೊನೆಗೆ ಕೆಂಪು. ಒಂದೇ ಗೊಂಚಲಲ್ಲಿ ಮೂರೂ ಬಣ್ಣ ಇರುತ್ತದೆ. ಆ ನಾಲ್ಕು ಎಸಳು ನಿಜವಾದ ಎಸಳಲ್ಲ. ಅಶೋಕದ ಹೂವಿಗೆ ಎಸಳೇ ಇಲ್ಲ, ಹೊರಗಿನ ಪುಷ್ಪಪಾತ್ರೆಯೇ ಬಣ್ಣ ಕಟ್ಟಿಕೊಂಡು ನಿಂತಿರುತ್ತದೆ. ಅದರಿಂದ ಏಳೆಂಟು ಉದ್ದನೆಯ ಕೇಸರ ಹೊರಗೆ ಚಾಚಿರುತ್ತವೆ. ಕಾಕಾ ಬಂದು ನೋಡಿದ. ಏನೂ ಮಾತಾಡಲಿಲ್ಲ. ಒಂದು ಗೊಂಚಲು ಕಿತ್ತುಕೊಂಡು ಹೋದ, ದೇವರಿಗೆ ಅಂತ. ಕೇಳಲೂ ಇಲ್ಲ.

ಆ ವರ್ಷ ಕಾಯಿ ಕಟ್ಟಲಿಲ್ಲ. ಮಾರ್ಚ್ ಬಿಸಿಗೆ ಹೂ ಉದುರಿತು. ಅದೇ ಆಗಸ್ಟ್‌ನಲ್ಲಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟು ಕೊಚ್ಚಿಹೋಯಿತು. ನದಿಯ ದಂಡೆಯ ಪಂಪ್‌ಸೆಟ್ ರಾತ್ರೋರಾತ್ರಿ ಮೇಲೆ ಎಳೆದೆವು, ಗಿಡ ನೋಡಲು ಯಾರಿಗೂ ಪುರುಸೊತ್ತಿರಲಿಲ್ಲ. 2025ರಲ್ಲಿ ಹೂ ಬಂದಾಗ ಸಂಜೆ ಹೊತ್ತು ಅರ್ಧ ತಾಸು ಫಾಗರ್ (ಮಂಜಿನಂತೆ ನೀರು ಸಿಂಪಡಿಸುವ ಯಂತ್ರ) ಬಿಟ್ಟೆ, ಎರಡು ಜೇನು ಪೆಟ್ಟಿಗೆ ತಂದಿಟ್ಟೆ. ಫಾಗರ್ ಕೆಲಸ ಮಾಡಿತೋ ಜೇನೋ, ಬಿಡಿಸಿ ಹೇಳಲಾರೆ. ಹನ್ನೊಂದು ಗಿಡದಲ್ಲಿ ಕಾಯಿ ಬಂತು. ಒಳ್ಳೆಯವು 14-15 ಕಾಯಿ. ಅವುಗಳ ಬೀಜವೇ ಮೇಲೆ ಹೇಳಿದ 70.

ದುಡ್ಡಿನ ಮಾತು. ಒಟ್ಟು ಖರ್ಚು ಮೂರೂವರೆ ಲಕ್ಷದ ಆಸುಪಾಸು. ಬಾಳೆಯಿಂದ ಎರಡು ಲಕ್ಷ ವಾಪಸ್ ಬಂತು. ಶಿರಸಿಯ ಬೀಜದಿಂದ ಪ್ರತಿ ವರ್ಷ ಮಾಡುವ ಸಸಿಗಳಲ್ಲಿ ಒಂದು ಅಡಿಯದ್ದು 80ಕ್ಕೆ, ಮೂರು ಅಡಿಯದ್ದು 250ಕ್ಕೆ ಹೋಗುತ್ತವೆ. ಗುಡಿಗಳವರು, ಹೊಸ ಮನೆ ಕಟ್ಟಿಸುವವರು, ನದಿ ದಂಡೆಯ ರೆಸಾರ್ಟಿನವರು ಒಯ್ಯುತ್ತಾರೆ. 2023ರಿಂದ ಮಾರಾಟ ವರ್ಷಕ್ಕೆ 400 ಸಸಿಗೆ ಕಡಿಮೆ ಆಗಿಲ್ಲ. ತೊಗಟೆಯ ಆಸೆಗೆ ಯಾರಾದರೂ ಹಾಕುವುದಿದ್ದರೆ ಬೇಡ ಅನ್ನುತ್ತೇನೆ. ಸುಲಿಯುವಷ್ಟು ದಪ್ಪ ಆಗಲು ಹತ್ತಿಪ್ಪತ್ತು ವರ್ಷ ಬೇಕು, ಅಷ್ಟರಲ್ಲಿ ಬ್ಯಾಂಕಿನವರು ನಿಮ್ಮ ತೊಗಟೆ ಸುಲಿದಿರುತ್ತಾರೆ.

ಈಗ ತಲೆ ತಿನ್ನುತ್ತಿರುವುದು ಎರೆ ಭೂಮಿ. ಅಕ್ಕನ ಮನೆ ಸಿಂಧನೂರು ಕಡೆ, ರಾಯಚೂರು ಜಿಲ್ಲೆ. ಅಲ್ಲಿ ಬಂಡೆ ಇಲ್ಲ, ಮಣ್ಣು ಕಪ್ಪು, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು. ಮಾವ ಹಟ ಹಿಡಿದರು ಅಂತ 2024ರಲ್ಲಿ ಹತ್ತು ಗಿಡ ಕೊಟ್ಟೆ. ಮೂರು ಅಡಿ ಗುಂಡಿ ತೋಡಿ, ಎರೆ ತೆಗೆದು ಮಸಾರಿ ತುಂಬಿಸಿದೆವು. ಬಂಡೆಯ ಬದಲಿಗೆ ದನದ ಕೊಟ್ಟಿಗೆಯ ಮೂಡಣ ಗೋಡೆ. ಆರು ಸತ್ತವು. ಬೇರು ಮಸಾರಿ ದಾಟಿ ಎರೆಗೆ ತಾಗಿದ ಕೂಡಲೇ ಹಳದಿಯಾದವು. ಉಳಿದ ನಾಲ್ಕರಲ್ಲಿ ಎರಡು ಹಸಿರಾಗಿವೆ. ಆ ಎರಡೂ ಮನೆಯ ಬಚ್ಚಲು ನೀರು ಹರಿಯುವ ಕಡೆ ಇವೆ. ಸೋಪಿನ ನೀರಿಗೆ ಸಾಯಬೇಕಿತ್ತು, ಬದುಕಿವೆ. ಯಾಕೆ ಅಂತ ಮುಂದಿನ ತಿಂಗಳು ಹೋಗಿ ಬುಡ ಕೆದಕಿ ನೋಡಬೇಕು. ಅಲ್ಲಿಯ ತನಕ ಬಚ್ಚಲು ತಿರುಗಿಸಬೇಡಿ ಅಂತ ಅಕ್ಕನಿಗೆ ಹೇಳಿಟ್ಟಿದ್ದೇನೆ.